ಪರಿಸರ ಚಿತ್ರ ತೋರಿಸುವುದಾದರೆ ಕತ್ತಲಲ್ಲಿ ತೋರಿಸಿ

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಶಾಲೆ–ಕಾಲೇಜುಗಳಲ್ಲಿ ಸಸಿ ನೆಡುವುದರ ಜತೆಗೆ ಹವಾಮಾನ ಬದಲಾವಣೆ ಕುರಿತ ಚಿತ್ರವೊಂದನ್ನು ತೋರಿಸುವುದೂ ಈಗ ರೂಢಿಯಾಗುತ್ತಿದೆ. ಒಳ್ಳೆಯದೇ. ಆದರೆ ಅನೇಕ ಕಡೆ ಬೆಳಿಗ್ಗೆ 11ಕ್ಕೆ, ಕಿಟಕಿಗೆ ಪರದೆಯೇ ಇಲ್ಲದ ಸಭಾಂಗಣದಲ್ಲಿ, ಯೂಟ್ಯೂಬಿನಿಂದ ನೇರವಾಗಿ ಹಚ್ಚಿದ ಇಂಗ್ಲಿಷ್ ಚಿತ್ರ ಓಡುತ್ತದೆ. ತೆರೆ ಮಂಕು, ಮಾತು ಅಸ್ಪಷ್ಟ, ನೆಟ್‌ವರ್ಕ್ ಹೋದಾಗಲೆಲ್ಲ ಚಿತ್ರ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಮಕ್ಕಳು ಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ಈಗಿನ ಮಕ್ಕಳಿಗೆ ಪರಿಸರದ ಕಾಳಜಿಯಿಲ್ಲ ಎಂದು ಆಮೇಲೆ ಹೇಳುವುದು ಅನ್ಯಾಯ. ಅವರಿಗೆ ಚಿತ್ರ ಕಂಡೇ ಇರುವುದಿಲ್ಲ.

ಜೂನ್ ಮೊದಲ ವಾರ ನಮ್ಮಲ್ಲಿ ಹೊತ್ತು ಮುಳುಗುವುದು ಸುಮಾರು 7ಕ್ಕೆ. ಬಯಲಲ್ಲಾದರೆ 7.30ರ ನಂತರವೇ ಚಿತ್ರ ಶುರು ಮಾಡಬೇಕು. ಶಾಲೆಗಳಲ್ಲಿ ಸಾಮಾನ್ಯವಾಗಿ ಇರುವುದು 3,000 ಲುಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್. ಅದಕ್ಕೆ 8 ಅಡಿ ಅಗಲದ ತೆರೆ ಸಾಕು. ದೊಡ್ಡದಾಗಿ ಕಾಣಲಿ ಎಂದು 12 ಅಡಿಗೆ ಹಿಗ್ಗಿಸಿದರೆ ವಿಸ್ತೀರ್ಣ ಎರಡೂಕಾಲು ಪಟ್ಟಾಗಿ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ರಾತ್ರಿಯ ದೃಶ್ಯಗಳು, ಕಾಡಿನ ದೃಶ್ಯಗಳು ಬರೀ ಕಪ್ಪಾಗಿ ಉಳಿಯುತ್ತವೆ. ತೆರೆಯಾಗಿ ಮಾದರಪಾಟದ ಬಿಳಿ ಹತ್ತಿ ಬಟ್ಟೆ ಕಟ್ಟಿದರೆ ಒಂದಿಷ್ಟು ಬೆಳಕು ಹಿಂದಕ್ಕೆ ಸೋರುವುದರಿಂದ ಅದರ ಬೆನ್ನಿಗೆ ಕಪ್ಪು ಬಟ್ಟೆ ಬೇಕು. ಮುಂಗಾರಿನ ಗಾಳಿಗೆ ಬಟ್ಟೆ ಹೊಟ್ಟೆ ಬಿಟ್ಟರೆ ಅಕ್ಷರಗಳೆಲ್ಲ ಸೊಟ್ಟ. ಸುಣ್ಣ ಬಳಿದ ಶಾಲೆಯ ಗೋಡೆ ಇದ್ದರೆ ಅದೇ ಎಲ್ಲಕ್ಕಿಂತ ಉತ್ತಮ.

ಧ್ವನಿಗೆ ಭೋಂಗಾ (ಕಹಳೆಯಾಕಾರದ ಧ್ವನಿವರ್ಧಕ) ಬೇಡವೇ ಬೇಡ. ಜಾತ್ರೆಯಲ್ಲಿ ಕೂಗಿ ಕರೆಯಲು ಅದು ಸರಿ, ಮಳೆಯ ಸದ್ದು, ಹಕ್ಕಿಯ ಸದ್ದು, ಮೆಲುದನಿಯ ಮಾತು ಅದರಲ್ಲಿ ಬರುವುದಿಲ್ಲ. ಎರಡು ಸ್ಪೀಕರ್ ಬಾಕ್ಸ್‌ಗಳನ್ನು ತೆರೆಯ ಎರಡೂ ಬದಿಗೆ, ಕುಳಿತವರ ಕಿವಿಗಿಂತ ತುಸು ಎತ್ತರದಲ್ಲಿಡಿ. ಪ್ರೊಜೆಕ್ಟರಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿಣುಕುವ ಸಂಭವ ಹೆಚ್ಚು. ಆದ್ದರಿಂದ ಲ್ಯಾಪ್‌ಟಾಪ್ ಪ್ರೊಜೆಕ್ಟರಿನ ಪಕ್ಕದಲ್ಲೇ ಇರಲಿ, ಉದ್ದ ಎಳೆಯುವುದಾದರೆ ಆಡಿಯೊ ತಂತಿಯನ್ನು ಎಳೆಯಿರಿ. ಪ್ರೊಜೆಕ್ಟರ್, ಸ್ಪೀಕರ್ ಸೇರಿ ಸುಮಾರು 500 ವಾಟ್ ಆಗುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರಿನಲ್ಲಿ ಕರೆಂಟ್ ಹಠಾತ್ತನೆ ಹೋದರೆ ಫ್ಯಾನ್ ನಿಂತು ಕಾದ ಲ್ಯಾಂಪ್ ಹಾಳಾಗಬಹುದು. ಹಳ್ಳಿಯಲ್ಲಿ ತೋರಿಸುವವರು ಇನ್ವರ್ಟರ್ ಇಲ್ಲದೆ ಹೊರಡಬಾರದು.

ಚಿತ್ರವನ್ನು ಪೆನ್‌ಡ್ರೈವಿಗೆ ಹಾಕುವಾಗಲೂ ಎಡವಟ್ಟಾಗುತ್ತದೆ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಿದರೆ ಹಳೆಯ ಹಲವು ಪ್ರೊಜೆಕ್ಟರುಗಳು ಓದುವುದಿಲ್ಲ. ಇನ್ನು ಕನ್ನಡ ಅಡಿಬರಹದ ಪಾಡು. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯುನಿಕೋಡ್‌ನಲ್ಲಿದ್ದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆದು ‘ವಿಜ್ಞಾನ’ ಎಂಬುದು ‘ವಿಜ್‌ಞಾನ’ ಆಗಿ ನಿಲ್ಲುತ್ತದೆ. ಅಡಿಬರಹವನ್ನು ಪ್ರತ್ಯೇಕ ಫೈಲಾಗಿ ಇಡದೆ ಚಿತ್ರದ ಮೇಲೇ ಅಚ್ಚಾಗಿಸಿಕೊಂಡರೆ ಈ ತೊಂದರೆಯಿಲ್ಲ. ಓದು ಬಾರದ ಹಿರಿಯರೂ ಬರುವ ಊರಲ್ಲಿ ಒಬ್ಬರು ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುವುದೇ ಮೇಲು.

ಯಾವ ಚಿತ್ರ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಕರಗುವ ಹಿಮ, ಬಿಳಿ ಕರಡಿ ನೋಡಿದ ನಮ್ಮ ಜಿಲ್ಲೆಯ ಇಂಡಿ, ತಿಕೋಟಾದ ಹುಡುಗನಿಗೆ ಅದು ದೂರದವರ ಸಂಕಟವಾಗಿಯೇ ಕಾಣುತ್ತದೆ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ (2002) ನಾ. ಡಿಸೋಜರ ಕಾದಂಬರಿ ಆಧರಿಸಿದ್ದು. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ನೆಲ ಬಿಡಲೊಪ್ಪದ ಕುಟುಂಬದ ಕಥೆ. ಅದು ಮಲೆನಾಡಿನದು, ನಿಜ. ಆದರೂ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರ ಸೇರಿದವರ ನಡುವೆ, ಅದರ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಸುದ್ದಿ ಕೇಳುತ್ತಲೇ ಬಂದ ಊರುಗಳಲ್ಲಿ, ಈ ಚಿತ್ರಕ್ಕೆ ಯಾವ ಪೀಠಿಕೆಯೂ ಬೇಕಿಲ್ಲ.

ಒಂದು ಎಚ್ಚರ ಮಾತ್ರ ಇರಲಿ. ಮುಳುಗಡೆ ಬೇರೆ, ಹವಾಮಾನ ಬದಲಾವಣೆ ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿದಿಡಬಲ್ಲದು, ಹಾಗಾಗಿ ಸುರಿದಾಗ ಮಳೆ ಜೋರಾಗಿ ಸುರಿಯುತ್ತದೆ. ಆದರೆ ಜಲಾಶಯದಿಂದ ನೀರನ್ನು ಯಾವಾಗ, ಎಷ್ಟು ಬಿಡಬೇಕೆಂಬುದು, ಹೊಳೆಯ ದಂಡೆ ಒತ್ತಿ ಮನೆ ಕಟ್ಟಲು ಬಿಟ್ಟದ್ದು ಮನುಷ್ಯರ ತೀರ್ಮಾನ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವ ಚಿತ್ರ ತೋರಿಸಿದರೆ ಕೇಳಬೇಕಾದ ಪ್ರಶ್ನೆಗಳನ್ನೇ ಜನ ಕೇಳದಂತಾಗುತ್ತದೆ.

ನಮ್ಮ ಹವಾಮಾನದ ಚಿತ್ರವನ್ನು ನಾವೇ ತೆಗೆಯಬೇಕು. ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಒಣದ್ರಾಕ್ಷಿಯ ಶೆಡ್. ಗೊನೆಗಳನ್ನು ನೂರು ಲೀಟರ್ ನೀರಿಗೆ ಎರಡೂವರೆ ಕೆ.ಜಿ. ಪೊಟ್ಯಾಸಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಎರಡು–ನಾಲ್ಕು ನಿಮಿಷ ಅದ್ದಿ, ನೆರಳಲ್ಲಿ ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಒಣಹವೆ ಇದ್ದರೆ ಹದಿನೈದು ದಿನದ ಆಸುಪಾಸಿನಲ್ಲಿ ನಾಲ್ಕು ಕೆ.ಜಿ. ಹಣ್ಣು ಒಂದು ಕೆ.ಜಿ. ಹಸಿರು–ಹೊಂಬಣ್ಣದ ಒಣದ್ರಾಕ್ಷಿಯಾಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಅಕಾಲಿಕ ಮಳೆ ಬಂದರೆ, ಹನಿ ಬೀಳದೆ ಬರೀ ಮೋಡ ಕವಿದು ತೇವ ಹೆಚ್ಚಿದರೂ, ಒಣಗುವುದು ತಡವಾಗಿ ಕಾಯಿ ಕಂದುತ್ತದೆ, ದರ ಬೀಳುತ್ತದೆ. ಇಡೀ ವರ್ಷದ ದುಡಿಮೆ ಹೀಗೆ ಕಣ್ಣೆದುರೇ ಬಣ್ಣಗೆಡುವುದನ್ನು ಕ್ಯಾಮೆರಾ ಹಿಡಿಯಬಲ್ಲದು.

ಅದಕ್ಕೆ ಒಂದು ಮೊಬೈಲು, ಅಲುಗಾಡದ ಸ್ಟ್ಯಾಂಡು ಸಾಕು. ಹತ್ತು ನಿಮಿಷಕ್ಕೊಂದು ಫೋಟೊ, ಹಗಲು 12 ತಾಸು, 15 ದಿನ ಎಂದರೆ 1,080 ಫೋಟೊ. ಸೆಕೆಂಡಿಗೆ 24ರಂತೆ ಓಡಿಸಿದರೆ 45 ಸೆಕೆಂಡಿನ ದೃಶ್ಯ. ವೈಟ್ ಬ್ಯಾಲೆನ್ಸನ್ನೂ (ಬಣ್ಣದ ಹೊಂದಾಣಿಕೆ) ಎಕ್ಸ್‌ಪೋಷರನ್ನೂ (ಬೆಳಕಿನ ಹೊಂದಾಣಿಕೆ) ಮೊದಲ ದಿನವೇ ಲಾಕ್ ಮಾಡಿ. ಆಟೊದಲ್ಲಿ ಬಿಟ್ಟರೆ ಮೊಬೈಲು ಪ್ರತಿ ಫೋಟೊದಲ್ಲೂ ಬಣ್ಣ ತಿದ್ದುತ್ತಾ ಹೋಗಿ, ಕಂದುವಿಕೆಯೇ ಮಾಯವಾಗುತ್ತದೆ. ಪಕ್ಕದಲ್ಲಿ ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು ಚೌಕಟ್ಟಿನೊಳಗೇ ಬರುವಂತೆ ನೋಡಿಕೊಳ್ಳಿ. ಮಧ್ಯಾಹ್ನದ ಕಾವಿಗೆ ಮೊಬೈಲು ಬಿಸಿಯಾಗಿ ತಾನೇ ಬಂದ್ ಆಗುತ್ತದೆ, ತಗಡಿನ ಛಾವಣಿಗೆ ತಾಗುವಷ್ಟು ಮೇಲೆ ಕಟ್ಟಬೇಡಿ.

ಹಕ್ಕಿನ ವಿಷಯವೂ ಇದೆ. ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರಂತೆ ಶಾಲೆಯೊಳಗೆ ವಿದ್ಯಾರ್ಥಿ, ಸಿಬ್ಬಂದಿ, ಪಾಲಕರಿಗಷ್ಟೇ ಚಿತ್ರ ತೋರಿಸಲು ವಿನಾಯಿತಿಯಿದೆ. ಊರ ಮಂದಿಗೆಲ್ಲ ತೋರಿಸುವುದಾದರೆ ಚಿತ್ರದ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಒಟಿಟಿಗೆ ಚಂದಾ ಕಟ್ಟಿದ್ದು ಮನೆಯಲ್ಲಿ ನೋಡಲಿಕ್ಕೆ ಮಾತ್ರ.

ಜಿಲ್ಲಾ ಪಂಚಾಯಿತಿ ಮತ್ತು ಶಿಕ್ಷಣ ಇಲಾಖೆಯವರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ಪ್ರದರ್ಶನ ರಾತ್ರಿ ಇರಲಿ, ಚಿತ್ರ 40 ನಿಮಿಷ ಮೀರದಿರಲಿ, ‘ದ್ವೀಪ’ದಂಥ ಕಥಾಚಿತ್ರಕ್ಕೆ ಬೇರೆಯದೇ ದಿನ ಇಡಲಿ. ಮುಗಿದ ಮೇಲೆ ಅರ್ಧ ತಾಸು ಊರಿನ ರೈತರು ಮಾತಾಡಲು, ಕೃಷಿ ಅಧಿಕಾರಿ ಉತ್ತರಿಸಲು ಮೀಸಲಿಡಲಿ. ಫೆಬ್ರುವರಿಯಲ್ಲಿ ದ್ರಾಕ್ಷಿ ಶೆಡ್ಡಿಗೆ ಬರುತ್ತದೆ. ಚಿತ್ರ ತೆಗೆಯುವ ವಿದ್ಯಾರ್ಥಿಗಳು ಜನವರಿಯೊಳಗೇ ಶೆಡ್ ಮಾಲೀಕರ ಒಪ್ಪಿಗೆ ಕೇಳಿಕೊಂಡು, ಸ್ಟ್ಯಾಂಡಿನ ಜಾಗ ಗುರುತು ಮಾಡಿಟ್ಟುಕೊಳ್ಳಬೇಕು.

— ಹಳ್ಳಿಗಳಲ್ಲಿ ಪರಿಸರ ಚಿತ್ರ ತೋರಿಸುವ ಗೆಳೆಯರು, ವಿಜಯಪುರ