ಕೊಡಗಿನಲ್ಲಿ ಸಂಗೀತ ಕಛೇರಿ ಮಧ್ಯಾಹ್ನ ಇಟ್ಟು ನೋಡಿ

ಸಂಪಾದಕರಿಗೆ ನಮಸ್ಕಾರ,

ಕೊಡಗಿನವರಿಗೆ ಶಾಸ್ತ್ರೀಯ ಸಂಗೀತದ ಅಭಿರುಚಿ ಕಡಿಮೆ, ಇಲ್ಲಿ ಕಛೇರಿ ಇಟ್ಟರೆ ಕುರ್ಚಿಗಳು ಖಾಲಿ ಇರುತ್ತವೆ ಅಂತ ಮೊನ್ನೆ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ನಾನು ಮಡಿಕೇರಿಯವಳು. ಇಪ್ಪತ್ತೈದು ವರ್ಷದಿಂದ ಕರ್ನಾಟಕ ಸಂಗೀತ ಹಾಡುತ್ತಿದ್ದೇನೆ, ಹಾಡುವುದಕ್ಕೆ ಅಂತ ಊರೂರು ಸುತ್ತಿದ್ದೇನೆ. ಆ ಮಾತು ಓದಿ ತುಂಬ ಬೇಜಾರಾಯಿತು. ಕುರ್ಚಿ ಖಾಲಿ ಇರುವುದು ನಿಜ. ಕಾರಣ ಮಾತ್ರ ಅದಲ್ಲ.

ಮೂರು ವರ್ಷದ ಹಿಂದೆ ಜುಲೈಯಲ್ಲಿ ನಮ್ಮ ಜಿಲ್ಲೆಯದೇ ಒಂದು ಊರಿನಲ್ಲಿ ನನ್ನ ಕಛೇರಿ ಇತ್ತು. ಸಂಜೆ ಐದೂವರೆಗೆ ಅಂತ ಕಾರ್ಡಿನಲ್ಲಿ ಹಾಕಿಸಿದ್ದರು. ಸ್ವಾಗತ, ಭಾಷಣ, ಸನ್ಮಾನ ಎಲ್ಲ ಮುಗಿದು ನಾನು ಮೊದಲ ಹಾಡು, ವರ್ಣ, ಶುರು ಮಾಡುವಾಗ ಆರೂವರೆ. ಹೊರಗೆ ಮಳೆ ಹೊಡೆಯುತ್ತಿತ್ತು. ಮಳೆಗಾಲದ ಥಂಡಿಗೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಪಾಪ ನಮ್ಮ ಮೃದಂಗದವರು ಒಂದೊಂದು ಕೀರ್ತನೆಗೂ ಮೊದಲು ಅಂಚಿಗೆ ಕಲ್ಲಿನಿಂದ ಕುಟ್ಟಿ ಕುಟ್ಟಿ ಏರಿಸುತ್ತಿದ್ದರು. ಅರವತ್ತು ಜನ ಇದ್ದರು, ಎಣಿಸಿದ್ದೆ. ಕಲ್ಯಾಣಿ ರಾಗದ ಆಲಾಪನೆ ಎತ್ತಿಕೊಂಡೆ. ತಾರ ಷಡ್ಜಕ್ಕೆ, ಅಂದರೆ ಮೇಲಿನ 'ಸ'ಗೆ ಹೋಗಿ ನಿಂತಿದ್ದೆ ಅಷ್ಟೆ, ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ಒಬ್ಬರ ಹಿಂದೆ ಒಬ್ಬರು ಎದ್ದರು. ಹತ್ತು ನಿಮಿಷದಲ್ಲಿ ಉಳಿದವರು ಇಪ್ಪತ್ತೇ ಜನ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿಯವರಿಗೆ ಇದು ಬೇಡ ಅಂತ ನಾನೂ ಅಂದುಕೊಂಡೆ.

ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ಬಂದು ಮಾತಾಡಿಸಿದರು. ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರಾಗಿದ್ದು ರಿಟೈರ್ ಆದವರು. "ಅಮ್ಮ, ತಪ್ಪು ತಿಳ್ಕೋಬೇಡಿ, ನಮ್ಮ ಕಡೆಗೆ ಕೊನೇ ಬಸ್ಸು ಏಳೂಕಾಲಿಗೆ, ಅದು ಹೋದ್ರೆ ಜೀಪ್ ಬಾಡಿಗೆಗೆ ಹಿಡೀಬೇಕು. ನೀವು ಮೇಲೆ ಹೋಗಿ ನಿಂತ್ರಲ್ಲ, ಅಲ್ಲಿಂದ ಹೇಗೆ ಇಳಿದು ಬಂದ್ರಿ ಅಂತ ದಾರಿಯೆಲ್ಲ ಅದೇ ಯೋಚನೆ" ಅಂದರು. ನನಗೆ ಗಂಟಲು ಕಟ್ಟಿತು. ಆಟೋ ಹಾರನ್ನುಗಳ ನಡುವೆಯೇ ಮೆಲ್ಲಗೆ ಗುನುಗಿ ತೋರಿಸಿದೆ. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬಗ್ಗಿ, ಕಣ್ಣು ಮುಚ್ಚಿ ಕೇಳಿದರು. ಇಂಥವರಿಗೆ ಅಭಿರುಚಿ ಇಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ನಮ್ಮ ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ 140ರ ಹತ್ತಿರ. ನಾನು ಅರ್ಧ ಸಂಗೀತ ಕಲಿತದ್ದೇ ಬಸ್ಸಿನಲ್ಲಿ. ಶನಿವಾರ ಬೆಳಗಿನ ಜಾವ ಮೈಸೂರಿಗೆ, ಗುರುಗಳ ಮನೆಗೆ, ರಾತ್ರಿ ವಾಪಸ್. ಸುಂಟಿಕೊಪ್ಪ ದಾಟುವವರೆಗೆ ತಿರುವುಗಳಿಗೆ ಹೊಟ್ಟೆ ತೊಳಸುತ್ತಿತ್ತು, ಕುಶಾಲನಗರ ಬಂದ ಮೇಲೆ ರಸ್ತೆ ನೆಟ್ಟಗೆ, ಆಗ ತೊಡೆ ಮೇಲೆ ತಾಳ ಹಾಕಿಕೊಂಡು ಹುಣಸೂರಿನವರೆಗೂ ಹಿಂದಿನ ವಾರದ ಪಾಠ ನನಗೆ ನಾನೇ ಒಪ್ಪಿಸಿಕೊಳ್ಳುತ್ತಿದ್ದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರು ರಸ್ತೆ ಬಂದ್ ಆದಾಗ ಆ ಕಡೆ ಒಪ್ಪಿಕೊಂಡಿದ್ದ ಕಛೇರಿಗಳನ್ನು ಬಿಡಬೇಕಾಯಿತು. ಇಲ್ಲಿ ಹಾಡುವುದೂ ಕೇಳುವುದೂ ದಾರಿಯನ್ನೇ ನಂಬಿಕೊಂಡಿದೆ.

ಕೇಳುವ ರೀತಿಯೂ ಒಂದೊಂದು ಊರಲ್ಲಿ ಒಂದೊಂದು ಥರ. ಚೆನ್ನೈಯ ಡಿಸೆಂಬರ್ ಸೀಸನ್ನಿನಲ್ಲಿ ಅರ್ಧ ಸಭೆ ನಮ್ಮ ಜೊತೆಗೇ ತಾಳ ಹಾಕುತ್ತದೆ. ಬೆಂಗಳೂರಿನ ರಾಮನವಮಿ ಪೆಂಡಾಲಿನಲ್ಲಿ ದೇವರನಾಮ ಬೇಕು ಅಂತ ಚೀಟಿ ಬರುತ್ತದೆ. ಧಾರವಾಡದಲ್ಲಿ ಒಂದು ಸ್ವರ ಚೆನ್ನಾಗಿ ಬಿದ್ದರೆ ಸಾಕು, ಅಲ್ಲೇ "ಆಹಾ" ಅಂದುಬಿಡುತ್ತಾರೆ. ನಮ್ಮ ಕೊಡಗಿನಲ್ಲಿ ಏನೂ ಅನ್ನುವುದಿಲ್ಲ, ಚಪ್ಪಾಳೆಯೂ ಕಡಿಮೆ. ಎಲ್ಲ ಮುಗಿದ ಮೇಲೆ ಒಂದು ಚೀಲ ಕಿತ್ತಳೆಯನ್ನೋ ಒಂದು ಬಾಟಲಿ ಜೇನನ್ನೋ ಕೈಗಿಟ್ಟು, ಚೆನ್ನಾಗಿತ್ತು ಅಂತ ಹೇಳಿ ಹೊರಟುಬಿಡುತ್ತಾರೆ. ಹೊರಗಿನಿಂದ ಬಂದವರು ಈ ಮೌನವನ್ನು ತಪ್ಪಾಗಿ ಓದುತ್ತಾರೆ.

ಗಂಟೆಗಟ್ಟಲೆ ಕೂತು ಕೇಳುವುದು ಇಲ್ಲಿಗೆ ಹೊಸದೇನಲ್ಲ ಅಲ್ವಾ? ನಾಲ್ವರು ದುಡಿ ಹಿಡಿದು ಕೊಡವರ ಹಾಡು ಶುರು ಮಾಡಿದರೆ ಮನೆಯ ಹಿರಿಯರು ಕದಲದೆ ಕೇಳುವುದನ್ನು ನೋಡಿ ಬೆಳೆದವಳು ನಾನು. ಆ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲೇ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದ್ದರಿಂದ ನಮಗೆ ಉಳಿದಿವೆ. ಮದುವೆ ಮನೆಯ ವಾಲಗ ನನ್ನ ಕಿವಿಗೆ ತಿಶ್ರ ನಡೆ, ಅಂದರೆ ಮೂರು ಮೂರರ ಎಣಿಕೆ. ಮಕ್ಕಳಿಗೆ ತಿಶ್ರ ಹೇಳಿಕೊಡುವಾಗ ತಕಿಟ ತಕಿಟ ಅನ್ನುವ ಮೊದಲು ವಾಲಗ ನೆನಪು ಮಾಡಿಸುತ್ತೇನೆ, ಕಾಲಲ್ಲೇ ಹಿಡಿದುಬಿಡುತ್ತಾರೆ.

ನನ್ನ ರುಚಿಯೂ ಸುತ್ತಾಡಿಯೇ ಬೆಳೆದದ್ದು. ಮೊದಲೆಲ್ಲ ನನಗೆ ಹಿಂದೂಸ್ತಾನಿ ಸೇರುತ್ತಿರಲಿಲ್ಲ. ಒಮ್ಮೆ ಧಾರವಾಡದಲ್ಲಿ ಒಬ್ಬರು ಯಮನ್ ರಾಗ ಹಾಡುತ್ತ ನಿಷಾದ, ರಿಷಭ, ಗಾಂಧಾರ ಈ ಮೂರರಲ್ಲೇ ಕಾಲು ಗಂಟೆ ಇದ್ದರು. ನಮ್ಮ ಕಲ್ಯಾಣಿಯ ಸ್ವರಗಳೇ, ಆದರೆ ಏನು ಬಿಡುವು! ಅಲ್ಲಿಂದ ಬಂದ ಮೇಲೆ ನನ್ನ ಕಲ್ಯಾಣಿ ನಿಧಾನವಾಯಿತು. ದೊಡ್ಡವರ ಕಥೆಯೂ ಹೀಗೇ ಇದೆ. ನಾವು ಹಾಡುವ ಎಷ್ಟೋ ಕೃತಿಗಳನ್ನು ರಚಿಸಿದ ಮುತ್ತುಸ್ವಾಮಿ ದೀಕ್ಷಿತರು ಎಳೆಯ ವಯಸ್ಸಿನಲ್ಲಿ ಕೆಲವು ವರ್ಷ ಕಾಶಿಯಲ್ಲಿದ್ದರು, ಅವರ ಕೆಲವು ಕೃತಿಗಳಲ್ಲಿ ಆ ಉತ್ತರದ ಗಾಳಿ ಆಡುತ್ತದೆ. ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ರೈಲು ಹತ್ತಿ ಉತ್ತರದ ಊರುಗಳನ್ನೆಲ್ಲ ಅಲೆದರು, ಕೊನೆಗೆ ಗುರು ಸಿಕ್ಕಿದ್ದು ಮನೆ ಹತ್ತಿರದ ಕುಂದಗೋಳದಲ್ಲಿ. ಅಲೆಯುವುದು ಹಾಡುವವರ ಪಾಡು. ಕೇಳುವವರನ್ನೂ ಯಾಕೆ ಕತ್ತಲಲ್ಲಿ, ಮಳೆಯಲ್ಲಿ ಅಲೆಸಬೇಕು?

ಅದಕ್ಕೇ ಕಾರ್ಯಕ್ರಮ ಮಾಡುವವರಲ್ಲಿ ಕೇಳಿಕೊಳ್ಳುತ್ತೇನೆ. ಕಛೇರಿಯನ್ನು ಮಧ್ಯಾಹ್ನ ಎರಡೂವರೆಗೆ ಇಡಿ, ಐದಕ್ಕೆ ಮುಗಿಸೋಣ. ಭಾಷಣ ಆಮೇಲೆ ಇರಲಿ, ಇರುವವರು ಇರುತ್ತಾರೆ. ಸಂತೆ ದಿನ ಆದರೆ ಇನ್ನೂ ಒಳ್ಳೆಯದು, ಹೇಗೂ ಜನ ಪೇಟೆಗೆ ಬಂದಿರುತ್ತಾರೆ, ಬಸ್ಸೂ ಜಾಸ್ತಿ. ದೊಡ್ಡ ಸ್ಪೀಕರ್ ಬೇಡ. ಮಳೆಗಾಲದಲ್ಲಿ ಶೀಟು ಹೊದಿಸಿದ ಹಾಲ್ ಅಂತೂ ಬೇಡವೇ ಬೇಡ, ತಂಬೂರಿ ಪಕ್ಕದಲ್ಲಿ ಕೂತ ನನಗೇ ಕೇಳಿಸುವುದಿಲ್ಲ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಹೋದ ವರ್ಷ ಒಂದು ಶುಕ್ರವಾರ, ಮಡಿಕೇರಿ ಸಂತೆಯ ದಿನ, ನಮ್ಮ ಮನೆಯ ಜಗಲಿಯಲ್ಲೇ ಮೈಕಿಲ್ಲದೆ ಹಾಡಿದೆ. ಮೂವತ್ತೆರಡು ಜನ ಬಂದರು. ಪಕ್ಕದಲ್ಲಿ ಸಂತೆ ಚೀಲ, ಚೀಲದಿಂದ ಇಣುಕುವ ಕೊತ್ತಂಬರಿ ಕಟ್ಟು. ಆ ರೈಟರ್ ಕೂಡ ಬಂದಿದ್ದರು. ಕಲ್ಯಾಣಿ ಮೇಲೆ ಹತ್ತಿ ನಿಧಾನಕ್ಕೆ ಇಳಿದು ಬರುವವರೆಗೂ ಕೊಡೆಯ ಹಿಡಿ ಹಿಡಿದುಕೊಂಡು ಕೂತಿದ್ದರು, ಮಂಗಳ ಆದ ಮೇಲೆ ಎದ್ದು ಐದೂವರೆ ಬಸ್ಸಿಗೆ ಹೋದರು. ಈ ವರ್ಷವೂ ಮಳೆ ಕಡಿಮೆಯಾದ ಮೇಲೆ ಒಂದು ಶುಕ್ರವಾರ ಹಾಡುವವಳಿದ್ದೇನೆ. ಪತ್ರ ಬರೆದ ಆ ಓದುಗರೂ ದಯವಿಟ್ಟು ಬರಬೇಕು, ಮುಂದಿನ ಚಾಪೆಯಲ್ಲೇ ಅವರಿಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಒಬ್ಬ ಗಾಯಕಿ, ಮಡಿಕೇರಿ