ಒಡವೆಗೂ ಒಂದು ನೋಟ್‌ಬುಕ್ ಇರಲಿ

ಸಂಪಾದಕರಿಗೆ ನಮಸ್ಕಾರ.

ಮದುವೆ ಸೀಸನ್ ಶುರುವಾದರೆ ಸಾಕು, ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ‘ಬಾಗಿಲು ಮೀಟಿ ಚಿನ್ನಾಭರಣ ಕಳವು.’ ಮೂರೇ ಸಾಲು. ಮನೆಯವರು ಊರಿಗೆ ಹೋಗಿದ್ದರು, ಇಷ್ಟು ಗ್ರಾಂ ಹೋಯಿತು, ಪ್ರಕರಣ ದಾಖಲಾಗಿದೆ. ಮೂರು ವರ್ಷದ ಹಿಂದೆ ಆ ಮೂರು ಸಾಲು ನಮ್ಮ ಮನೆಯದ್ದೇ ಆಗಿತ್ತು. ಆಮೇಲೆ ಏನಾಯಿತು ಅನ್ನೋದು ಪತ್ರಿಕೆಯಲ್ಲಿ ಬರುವುದಿಲ್ಲ. ಅದನ್ನು ಹೇಳೋಣ ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆ ಮೇ ತಿಂಗಳಲ್ಲಿ ನಾದಿನಿ ಮಗಳ ಮದುವೆಗೆ ಅರಸೀಕೆರೆಗೆ ಹೋಗಿದ್ದೆವು. ಶುಕ್ರವಾರ ಬೆಳಿಗ್ಗೆ ಹೊರಟವರು ಭಾನುವಾರ ರಾತ್ರಿ ವಾಪಸ್ ಬಂದೆವು. ಮುಂಬಾಗಿಲ ಬೀಗ ಹಾಕಿದ ಹಾಗೇ ಇತ್ತು. ಒಳಗೆ ಕಾಲಿಟ್ಟರೆ ಅಡುಗೆಮನೆಯಿಂದ ಗಾಳಿ ಬೀಸುತ್ತಿತ್ತು. ಹಿತ್ತಲ ಬಾಗಿಲು ಪೂರ್ತಿ ತೆರೆದಿತ್ತು.

ಮುಂಬಾಗಿಲಿಗೆ ಸಾವಿರಾರು ರೂಪಾಯಿ ಕೊಟ್ಟು ಲಾಕ್ ಹಾಕಿಸಿದ್ದೆವು. ಹಿತ್ತಲ ಬಾಗಿಲಿಗೆ ಇದ್ದದ್ದು ಒಂದು ತೆಳು ಹಲಗೆ, ಒಂದು ಚಿಲಕ. ಬಟ್ಟೆ ಒಗೆಯೋ ಕಲ್ಲಿನ ಪಕ್ಕ ನಾವು ತೆಂಗಿನಕಾಯಿ ಸುಲಿಯೋ ಹಾರೆ ಇಡುತ್ತಿದ್ದೆವು. ಕಳ್ಳರು ಆಯುಧ ತಂದೇ ಇರಲಿಲ್ಲ. ನಮ್ಮ ಹಾರೆಯಿಂದಲೇ ನಮ್ಮ ಬಾಗಿಲು ಮೀಟಿದ್ದರು. ಕೆಲಸ ಮುಗಿದ ಮೇಲೆ ಅದನ್ನು ಗೋಡೆಗೆ ಒರಗಿಸಿಟ್ಟು ಹೋಗಿದ್ದರು.

ಬೀರುವನ್ನು ಒಡೆದಿರಲಿಲ್ಲ. ಬೀರು ಕೀ ದೇವರ ಫೋಟೋ ಹಿಂದೆ ಇರುತ್ತಿತ್ತು. ಎಷ್ಟು ಮನೆಗಳಲ್ಲಿ ಅಲ್ಲೇ ಇರುತ್ತದೆ ಅಲ್ವಾ? ಅಡುಗೆಮನೆಯಲ್ಲಿ ಅಕ್ಕಿ ಡಬ್ಬ ಬೋರಲು ಹಾಕಿದ್ದರು. ಸಾಸಿವೆ, ಮೆಂತ್ಯ, ಉದ್ದಿನಬೇಳೆ ಎಲ್ಲ ನೆಲದ ಮೇಲೆ. ಹೆಂಗಸರು ಬೇಳೆ ಡಬ್ಬದಲ್ಲಿ ಒಡವೆ ಬಚ್ಚಿಡುತ್ತಾರೆ ಅನ್ನೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಎದುರು ಮನೆಯ ಅಜ್ಜಿಗೆ ಶನಿವಾರ ರಾತ್ರಿ ಸದ್ದು ಕೇಳಿಸಿತ್ತಂತೆ. ಎದ್ದು ನೋಡಿದ್ದಾರೆ. ವರಾಂಡದ ಲೈಟ್ ಉರಿಯುತ್ತಿತ್ತು. “ಮಗಾ, ನೀವೇ ವಾಪಸ್ ಬಂದಿರಬೇಕು ಅಂದುಕೊಂಡು ಮಲಗಿಬಿಟ್ಟೆ” ಅಂತ ನನ್ನ ಕೈ ಹಿಡಿದುಕೊಂಡು ಅತ್ತರು. ಅವರದ್ದೇನು ತಪ್ಪು? ಯಾವತ್ತು ಬರುತ್ತೇವೆ ಅಂತ ನಾವು ಹೇಳಿಯೇ ಇರಲಿಲ್ಲ. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಬಾರದು, ಹೊರಡೋ ಮುಂಚೆ ಸಾರಿಕೊಂಡು ಬರಬಾರದು ಅನ್ನೋದು ನಮ್ಮ ಅತ್ತೆಯ ಕಾಲದಿಂದ ಬಂದ ರೂಢಿ. ಅಜ್ಜಿಗೆ ಹೇಳಲಿಲ್ಲ. ಆದರೆ ಗೊತ್ತಾಗಬಾರದವರಿಗೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. ಹಗಲು ಹನ್ನೆರಡು ಗಂಟೆಗೂ ವರಾಂಡದ ಲೈಟ್ ಉರಿಯುತ್ತಿತ್ತು. ಗೇಟಿನ ಹೊರಗೆ ಬೀಗ ನೇತಾಡುತ್ತಿತ್ತು. ಎರಡು ದಿನದಿಂದ ಬಾಗಿಲ ಮುಂದೆ ನೀರಿಲ್ಲ, ರಂಗೋಲಿ ಇಲ್ಲ. ನಮ್ಮ ಬೀದಿಯಲ್ಲಿ ರಂಗೋಲಿ ಇಲ್ಲದ ಅಂಗಳ ಅಂದರೆ ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ.

ಅವತ್ತು ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆವು. ನಾನು ಬೀರುವಿನ ಒಳಗೆಲ್ಲ ಕೈ ಹಾಕಿ ತಡಕಾಡಿದೆ. ವಾರಗಿತ್ತಿ ಪಾಪ, ಕಾಲಿಗೆ ಸಿಗುತ್ತದೆ ಅಂತ ಅಕ್ಕಿ ಗುಡಿಸಿಟ್ಟಳು. ಬೆರಳಚ್ಚಿನವರು ಬಂದು ನೋಡಿ ಬೇಜಾರು ಮಾಡಿಕೊಂಡರು. ಬಾಗಿಲು ಮುರಿದದ್ದು ಕಂಡ ತಕ್ಷಣ ಒಳಗೆ ಹೋಗಲೇಬಾರದು. ಕಳ್ಳ ಇನ್ನೂ ಒಳಗೇ ಇರಬಹುದು. ಹೊರಗೇ ನಿಂತು 112ಕ್ಕೆ ಫೋನ್ ಮಾಡಬೇಕು. ಏನನ್ನೂ ಮುಟ್ಟಬಾರದು.

ಇಷ್ಟೆಲ್ಲ ಆದಮೇಲೆ ಠಾಣೆಗೆ ಹೋದೆವು. ನಾನು ಈ ಪತ್ರದಲ್ಲಿ ಮುಖ್ಯವಾಗಿ ಹೇಳಬೇಕಾದ್ದು ಅಲ್ಲಿಂದ ಶುರುವಾಗುತ್ತದೆ.

“ಏನೇನು ಹೋಗಿದೆ ಅಮ್ಮ, ಬರೆಸಿ” ಅಂದರು ಬರೆದುಕೊಳ್ಳುವವರು. ನಾಲ್ಕು ಬಳೆ, ಒಂದು ಜೊತೆ ಜುಮುಕಿ, ಅಮ್ಮನ ಅವಲಕ್ಕಿ ಸರ, ಬೆಳ್ಳಿ ದೀಪ, ಕುಂಕುಮದ ಭರಣಿ. “ಬಳೆ ಎಷ್ಟು ಗ್ರಾಂ? ಡಿಸೈನ್ ಹೇಗಿತ್ತು? ಬಿಲ್ ಇದೆಯಾ?” ನನಗೆ ಮಾತೇ ಹೊರಡಲಿಲ್ಲ. ಇಪ್ಪತ್ತಾರು ವರ್ಷ ಆ ಬಳೆ ಹಾಕಿದ್ದೇನೆ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಕೈಗೆ ಗೊತ್ತಾಗುತ್ತಿತ್ತು. ಬಾಯಿಗೆ ಬರಲಿಲ್ಲ. ಹೂವಿನ ಡಿಸೈನ್ ಅಂದೆ. ನಮ್ಮ ಯಜಮಾನರು ಬಳ್ಳಿ ಅಂದರು. ತೂಕ ಕೇಳಿದರೆ ನಾನೊಂದು, ಅವರೊಂದು. ಬಿಲ್ ನಮ್ಮ ಮಾವನವರ ಟ್ರಂಕಿನಲ್ಲಿ ಇತ್ತು. ಅವರು ಹೋದಮೇಲೆ ಹಳೇ ಪೇಪರ್ ಜೊತೆ ಅದೂ ಹೋಗಿದೆ. ಕೊನೆಗೆ ‘ಸುಮಾರು 90 ಗ್ರಾಂ’ ಅಂತ ಬರೆಸಿ ಸಹಿ ಹಾಕಿದೆವು. ಎಫ್‌ಐಆರ್ ಪ್ರತಿ ಕೊಟ್ಟರು. ದೂರು ಕೊಟ್ಟವರಿಗೆ ಅದನ್ನು ಪುಕ್ಕಟೆ ಕೊಡಬೇಕು ಅಂತ ಕಾನೂನಿದೆ. ಎಲ್ಲರೂ ಕೇಳಿ ಇಸ್ಕೊಳ್ಳಿ.

ಏಳು ತಿಂಗಳ ಮೇಲೆ ಫೋನ್ ಬಂತು. ಕಳ್ಳರು ಸಿಕ್ಕಿದ್ದಾರೆ, ಬಂದು ಗುರುತು ಹೇಳಿ ಅಂತ. ದೇವರಿಗೆ ಕೈಮುಗಿದು ಹೋದೆ. ಉದ್ದದ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ ಒಡವೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ನಂಬರ್ ಚೀಟಿ. ಎಷ್ಟೋ ಮನೆಗಳ ಒಡವೆ. ನನ್ನ ಹಾಗೇ ಇನ್ನೂ ಐದಾರು ಜನ ಹೆಂಗಸರು ಬಂದಿದ್ದರು. ಬಳೆಗಳ ಹತ್ತಿರ ನಿಂತು ಒಬ್ಬರು ‘ಇವು ನಮ್ಮವು’ ಅಂದರು, ಇನ್ನೊಬ್ಬರೂ ‘ನಮ್ಮವೇ’ ಅಂದರು. ನನಗೂ ಹಾಗೇ ಅನ್ನಿಸಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಯಾರ ಹತ್ತಿರವೂ ಏನೂ ಇರಲಿಲ್ಲ. ಟೇಬಲ್ ಕೊನೆಯಲ್ಲಿ ಕರಗಿಸಿದ ಚಿನ್ನದ ಎರಡು ಗಟ್ಟಿ ಇದ್ದವು. ಅದರಲ್ಲಿ ಯಾರ ಮಾಂಗಲ್ಯ ಇದೆಯೋ, ಯಾವ ಮಗುವಿನ ಉಂಗುರ ಇದೆಯೋ.

ನಮ್ಮಮ್ಮನ ಅವಲಕ್ಕಿ ಸರ ಮಾತ್ರ ನೋಡಿದ ತಕ್ಷಣ ಗೊತ್ತಾಯಿತು. ನಾನು ಚಿಕ್ಕವಳಿದ್ದಾಗ ಎಳೆದು ಅದರ ಕೊಕ್ಕೆ ಕಿತ್ತಿದ್ದೆ. ಅಕ್ಕಸಾಲಿ ಬೇರೆ ಕೊಕ್ಕೆ ಬೆಸೆದು ಕೊಟ್ಟಿದ್ದ. ಬೆಸುಗೆ ಹಾಕಿದ ಜಾಗ ಚಿನ್ನದ ಬಣ್ಣಕ್ಕೆ ಹೊಂದಲಿಲ್ಲ, ಅಕ್ಕಿಕಾಳಿನಷ್ಟು ಬೆಳ್ಳಗೆ ಉಳಿದಿತ್ತು. “ಕೊಕ್ಕೆ ಹತ್ತಿರ ಬಿಳಿ ಗುರುತಿದೆ ನೋಡಿ ಸರ್” ಅಂದೆ. ತಿರುಗಿಸಿ ನೋಡಿದರು. ಇತ್ತು. ಅಕ್ಕನ ಮಗನ ನಾಮಕರಣದ ಫೋಟೋದಲ್ಲಿ ಅದನ್ನು ಹಾಕಿಕೊಂಡಿದ್ದೆ. ಫೋಟೋ ದೊಡ್ಡದು ಮಾಡಿಸಿ ಕೊಟ್ಟೆವು. ಆ ಒಂದು ಬಿಳಿ ಚುಕ್ಕೆ, ಆ ಒಂದು ಫೋಟೋ ಇಲ್ಲದಿದ್ದರೆ ಅದೂ ಇವತ್ತು ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ.

ಅದು ಕೈಗೆ ಬರುವುದಕ್ಕೆ ಮತ್ತೆ ಐದು ತಿಂಗಳು ಹಿಡಿಯಿತು. ಕೋರ್ಟಿಗೆ ಅರ್ಜಿ, ಒಡವೆಯ ಫೋಟೋ, ತೂಕದ ಚೀಟಿ, ಕೇಳಿದಾಗ ತಂದು ಹಾಜರುಪಡಿಸುತ್ತೇನೆ ಅಂತ ಮುಚ್ಚಳಿಕೆ. ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳಬಾರದು, ಫೋಟೋ ತೆಗೆದು, ಪಂಚನಾಮೆ ಮಾಡಿ ವಾರಸುದಾರರಿಗೆ ಬೇಗ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಗುಜರಾತಿನ ಒಂದು ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ಮುಂದಿಟ್ಟರು. ನಮ್ಮ ಪೊಲೀಸರು ಆಗಾಗ ಪ್ರಾಪರ್ಟಿ ಪೆರೇಡ್ ಮಾಡಿ ಮಾಲು ವಾಪಸ್ ಕೊಡುತ್ತಾರೆ. ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೆ ‘ಇದು ನನ್ನದು’ ಅಂತ ತೋರಿಸುವುದಕ್ಕೆ ಏನೂ ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ?

ಅದಕ್ಕೇ ಈಗ ನಮ್ಮ ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಒಂದು ಒಡವೆಗೆ ಒಂದು ಪುಟ. ಮಗಳ ಕೈಲಿ ಫೋಟೋ ತೆಗೆಸಿದೆ, ಒಡವೆ ಪಕ್ಕದಲ್ಲಿ ನನ್ನ ಹೊಲಿಗೆಯ ಸ್ಕೇಲ್ ಇಟ್ಟು. ಮುಂದೆ ಒಂದು, ಹಿಂದೆ ಒಂದು, ಕೊಕ್ಕೆ ತಿರುಪು ಹತ್ತಿರದಿಂದ ಒಂದು. ತೂಕ, ಯಾರು ಕೊಟ್ಟದ್ದು, ಎಲ್ಲಿ ರಿಪೇರಿ ಆಗಿದೆ, ಯಾವ ಕಲ್ಲು ಬಿದ್ದುಹೋಗಿದೆ, ಎಲ್ಲ ಬರೆದಿದ್ದೇನೆ. ಸೊಟ್ಟ ಪಟ್ಟ ಇದ್ದರೆ ಅದನ್ನೇ ಜಾಸ್ತಿ ಬರೆದಿದ್ದೇನೆ. ಗುರುತು ಹಿಡಿಯುವುದಕ್ಕೆ ಅಂದಕ್ಕಿಂತ ಊನವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಾಕಿಕೊಂಡಿರುವ ಒಂದೊಂದು ಫೋಟೋನೂ ಅಂಟಿಸಿದ್ದೇನೆ. ಎಲ್ಲದರ ಇನ್ನೊಂದು ಪ್ರತಿ ಬೆಂಗಳೂರಿನಲ್ಲಿರುವ ಮಗಳ ಹತ್ತಿರ ಇದೆ. ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಡುವುದಿಲ್ಲ.

ಹೊಸ ಒಡವೆ ತೆಗೆದುಕೊಂಡವರಿಗೆ ಇದು ಇನ್ನೂ ಸುಲಭ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿ ಆರು ಗುರುತಿನ ಎಚ್‌ಯುಐಡಿ ನಂಬರ್ ಇರಲೇಬೇಕು. ಒಂದು ಒಡವೆಯ ನಂಬರ್ ಇನ್ನೊಂದಕ್ಕೆ ಇರುವುದಿಲ್ಲ. ತೀರಾ ಸಣ್ಣ ಅಕ್ಷರ, ಭೂತಗನ್ನಡಿ ಹಿಡಿದು ನೋಡಬೇಕು. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಒಡವೆಯ ವಿವರ ಬರುತ್ತದೆ. ಕೊಂಡ ದಿನವೇ ಬರೆದಿಟ್ಟುಕೊಳ್ಳಿ.

‘ನಮ್ಮದೆಲ್ಲ ಬ್ಯಾಂಕ್ ಲಾಕರ್‌ನಲ್ಲಿದೆ’ ಅನ್ನುವವರಿಗೂ ಒಂದು ಮಾತು. ಲಾಕರ್ ಒಳ್ಳೆಯದೇ, ನಾವೂ ಈಗ ತೆಗೆದುಕೊಂಡಿದ್ದೇವೆ. ಆದರೆ ಒಳಗೆ ಏನಿದೆ ಅಂತ ಬ್ಯಾಂಕಿನವರಿಗೆ ಗೊತ್ತಿರುವುದಿಲ್ಲ. ಅಲ್ಲಿ ಕಳ್ಳತನವಾದರೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. 2,000 ಬಾಡಿಗೆ ಆದರೆ ಹೆಚ್ಚೆಂದರೆ 2 ಲಕ್ಷ. ಇವತ್ತಿನ ಚಿನ್ನದ ರೇಟಿಗೆ ಅದೆಷ್ಟು ಅಂತ ನೀವೇ ಲೆಕ್ಕ ಹಾಕಿ. ಮನೆ ಇನ್ಶೂರೆನ್ಸ್ ಇದೆ ಅಂತ ಸುಮ್ನೆ ಕೂರಲೂ ಆಗದು. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹದಂಥ ಅನಾಹುತಕ್ಕೆ. ಸುಮ್ಮನೆ ಬಾಗಿಲು ಮುರಿದು ಕದ್ದರೆ ಅದು ಸಾಲದು, ಕಳ್ಳತನಕ್ಕೆ ಬೇರೆ ಮಾಡಿಸಬೇಕು. ಏಜೆಂಟರನ್ನು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಿ.

ಬಾಗಿಲಿನ ವಿಷಯವನ್ನೂ ಬಿಟ್ಟಿಲ್ಲ. ಹಿತ್ತಲ ಬಾಗಿಲಿಗೆ ಹೊರಗಡೆ ಕಬ್ಬಿಣದ ಗ್ರಿಲ್ ಹಾಕಿಸಿದ್ದೇವೆ. ಹಾರೆ, ಏಣಿ ಎರಡೂ ಒಳಗೆ ಬಂದಿವೆ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿಯೇ ಹೋಗುತ್ತೇವೆ. ಹೋದ ಸಲ ಬೀಟ್‌ನವರು ಬಂದು ಗೇಟ್ ಅಲ್ಲಾಡಿಸಿ ನೋಡಿಕೊಂಡು ಹೋದರಂತೆ. ಹಾಲು, ಪೇಪರ್ ನಿಲ್ಲಿಸುತ್ತೇವೆ. ಬೆಳಿಗ್ಗೆ ಎದುರು ಮನೆಯ ಅಜ್ಜಿಯ ಸೊಸೆ ನಮ್ಮ ಬಾಗಿಲಿಗೂ ನೀರು ಹಾಕಿ ಎರಡೆಳೆ ರಂಗೋಲಿ ಬಿಡುತ್ತಾಳೆ, ಹಾಗೇ ಲೈಟ್ ಆರಿಸುತ್ತಾಳೆ. ಅವರು ಧರ್ಮಸ್ಥಳಕ್ಕೆ ಹೋದಾಗ ಅವರ ಬಾಗಿಲಿನ ರಂಗೋಲಿ ನನ್ನದು. ಮದುವೆ ಮನೆಯ ಫೋಟೋಗಳನ್ನು ವಾಪಸ್ ಬಂದ ಮೇಲೇ ಸ್ಟೇಟಸ್‌ಗೆ ಹಾಕಬೇಕು ಅಂತ ಮಕ್ಕಳಿಗೆ ಹೇಳಿದ್ದೇನೆ.

ಮನೆಯಲ್ಲಿ ವಯಸ್ಸಾದವರು ಇರುವಾಗಲೇ ನುಗ್ಗುವುದು ಇನ್ನೂ ಭಯದ ವಿಷಯ. 2024ರ ಜುಲೈನಲ್ಲಿ ಮಂಗಳೂರಿನ ಕೋಟೆಕಣಿಯಲ್ಲಿ ವೃದ್ಧ ದಂಪತಿಯ ಮನೆಗೆ ನುಗ್ಗಿ ಹಲ್ಲೆ ಮಾಡಿ, ಅವರ ಕಾರಿನಲ್ಲೇ ಪರಾರಿಯಾದವರು ಕೆಲವೇ ಗಂಟೆಗಳಲ್ಲಿ ಸಕಲೇಶಪುರದಲ್ಲಿ ಸಿಕ್ಕಿಬಿದ್ದರು. ಅಂಥ ಹೊತ್ತಿನಲ್ಲಿ ಎದುರಾಡಬೇಡಿ, ಕೇಳಿದ್ದು ಕೊಟ್ಟುಬಿಡಿ, ಅವರು ಹೋದ ತಕ್ಷಣ ಫೋನ್ ಮಾಡಿ ಅಂತ ನಮ್ಮ ಬೀದಿಯ ಹಿರಿಯರಿಗೆಲ್ಲ ಹೇಳುತ್ತಿರುತ್ತೇನೆ. ಜೀವಕ್ಕಿಂತ ಬಂಗಾರ ದೊಡ್ಡದಲ್ಲ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಿಮ್ಮ ಪುರವಣಿಯಲ್ಲಿ ಕಾಲು ಪುಟ ಇದಕ್ಕೆ ಕೊಡಿ. ಒಡವೆಯ ಹೆಸರು, ತೂಕ, ಗುರುತು, ನಂಬರ್ ಅಂತ ನಾಲ್ಕು ಖಾಲಿ ಸಾಲು ಅಚ್ಚು ಮಾಡಿದರೆ ಸಾಕು, ಹೆಂಗಸರು ಕತ್ತರಿಸಿಟ್ಟುಕೊಳ್ಳುತ್ತಾರೆ. ಹಬ್ಬದ ದಿನ ಬೀರು, ಲಾಕರ್‌ನಲ್ಲಿರುವ ಒಡವೆಯೆಲ್ಲ ಕಳಶದ ಮುಂದೆ ಬಂದಿರುತ್ತದೆ. ಪೂಜೆ ಮುಗಿದು, ತಿರುಗಿ ಡಬ್ಬಿಗೆ ಹಾಕುವ ಮುಂಚೆ, ಒಂದೊಂದನ್ನೇ ತೆಗೆದು ಫೋಟೋ ಹಿಡಿದುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಇನ್ನಾವುದಿದೆ?

ಇಂತಿ,
ನಿಮ್ಮ ಬಹಳ ವರ್ಷಗಳ ಓದುಗಿ,
ಮೈಸೂರು
(ದಯವಿಟ್ಟು ಹೆಸರು ಹಾಕಬೇಡಿ)