ಮೊಗ್ಗಿನ ಜಡೆಯಿಂದ ಚೌಕದ ಟೋಪಿಗೆ

ಪ್ರಿಯ ಓದುಗರೇ,

ಮೇ ತಿಂಗಳು ಬಂತು. ನಮ್ಮ ಸಂಘದ ಹಲವು ಮನೆಗಳಲ್ಲಿ ಈಗ ಗ್ರ್ಯಾಜುಯೇಷನ್ ಸಡಗರ. ಕರಿ ಗೌನು, ಚೌಕದ ಟೋಪಿ ಮನೆಗೆ ಬಂದಿವೆ. ಟೋಪಿಗೆ ಅಂಟಿಸಲು ಮಕ್ಕಳು ಪ್ಲಾಸ್ಟಿಕ್ ಹೂ, ಮಿನುಗುಪುಡಿ ಹುಡುಕುತ್ತಿದ್ದಾರೆ. ಅದಕ್ಕೂ ಮುಂಚೆ ಅವರಿಗೆ ಒಮ್ಮೆ ಮೊಗ್ಗಿನ ಜಡೆ ತೋರಿಸಿ.

ಹೋದ ವರ್ಷ ಮಗಳ ಟೋಪಿಯನ್ನು ನಾನು ಹಾಗೇ ಸಿಂಗರಿಸಿದೆ. ಊರಲ್ಲಿ ಜಡೆಗೆ ಬಾಳೆಪಟ್ಟೆಯನ್ನೋ ರಟ್ಟನ್ನೋ ಕತ್ತರಿಸಿ, ಅದರ ಮೇಲೆ ಮೊಗ್ಗು ಹೊಲಿಯುತ್ತಾರೆ. ಇಲ್ಲೂ ಅಷ್ಟೇ. ಟೋಪಿಯ ಚೌಕ ಸುಮಾರು 9.5 ಇಂಚು. ಅದೇ ಅಳತೆಗೆ ತೆಳು ರಟ್ಟು ಕತ್ತರಿಸಿ, ನಡುವಿನ ಗುಂಡಿಗೆ ಒಂದು ತೂತು ಬಿಡಿ. ಹೊಲಿದಾದ ಮೇಲೆ ಎರಡೂ ಬದಿ ಅಂಟುವ ಟೇಪಿನಿಂದ ಟೋಪಿಗೆ ಕೂರಿಸಿ. ಬಾಡಿಗೆ ಟೋಪಿಯಾದರೆ ಬಿಸಿ ಅಂಟು ಬೇಡವೇ ಬೇಡ. ಸಿಂಗಾರಕ್ಕೆ ಒಪ್ಪಿಗೆ ಇದೆಯಾ ಅಂತ ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಾ ಕೂತಿದ್ದರು. "ಒತ್ತಾಗಿ ಹೊಲಿಯೇ, ಸಂದಿ ಕಾಣಬಾರದು" ಅಂತ ಎಷ್ಟು ಸಲ ಹೇಳಿದರೋ! ಮೊದಲ ಸಾಲು ಅಂಚಿಗೆ, ಮೊಗ್ಗಿನ ತುದಿ ಹೊರಗೆ. ಎರಡನೆಯ ಸಾಲು ಮೊದಲ ಸಾಲಿನ ತೊಟ್ಟು ಮುಚ್ಚುವ ಹಾಗೆ. ಮೂಲೆಗೆ ಒಂದಿಷ್ಟು ಕನಕಾಂಬರ. ಹಿಂದಿನ ಅರ್ಧಕ್ಕೆ ಮಾತ್ರ ಹೂ ಸಾಕು. ಭಾರವೂ ಕಡಿಮೆ, ಸಮಾರಂಭದಲ್ಲಿ ಟೋಪಿಯ ಬಲಗಡೆ ತೂಗುವ ಕುಚ್ಚನ್ನು ಎಡಕ್ಕೆ ತಿರುಗಿಸುವ ಹೊತ್ತಿಗೆ ಅದು ಹೂವಿಗೆ ಸಿಕ್ಕಿಕೊಳ್ಳುವುದೂ ಇಲ್ಲ.

ಮೊದಲು ಹೊಲಿದ ರಟ್ಟು ಹಾಳಾಯಿತು. ರಾತ್ರಿ ಅಡುಗೆಮನೆಯಲ್ಲೇ ಬಿಟ್ಟಿದ್ದೆ. ಮಲ್ಲಿಗೆ ರಾತ್ರಿ ಅರಳುವ ಹೂ ಅಲ್ವಾ? ಬೆಳಿಗ್ಗೆ ನೋಡಿದರೆ ಸಾಲೆಲ್ಲ ಸಡಿಲವಾಗಿ, ಅಂಚು ಕಂದಿತ್ತು. ಪುಣ್ಯಕ್ಕೆ ಇನ್ನೂ ಒಂದು ದಿನವಿತ್ತು. ಎರಡನೆಯದನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟೆ. ಮೊಗ್ಗು ಮೊಗ್ಗಾಗಿಯೇ ಉಳಿಯಿತು. ಹೂವಿನ ಮೇಲೆ ನೀರು ಮಾತ್ರ ಚಿಮುಕಿಸಬೇಡಿ, ಕಲೆ ಬೀಳುತ್ತದೆ. ಮಲ್ಲಿಗೆ ಸಿಗದ ಊರಿನವರು ಗುಂಡಿಯಂಥ ಸಣ್ಣ ಸೇವಂತಿಗೆ ತನ್ನಿ. ನೀರಿಲ್ಲದೆಯೂ ಒಂದು ದಿನ ಬಾಡದೆ ಇರುತ್ತದೆ.

ನಮ್ಮ ಮನೆಗಳಲ್ಲಿ ಸೀಮಂತದ ಒಂದು ಹಳೆಯ ಫೋಟೋ ಇದ್ದೇ ಇರುತ್ತದೆ. ಹಿಂದೆ ಕನ್ನಡಿ, ಕನ್ನಡಿಯಲ್ಲಿ ಜಡೆ. ಮುಡಿದವಳಿಗೆ ತನ್ನ ಜಡೆ ಕಾಣುವುದಿಲ್ಲ, ಅದು ನೋಡುವವರಿಗೆ. ಟೋಪಿಯ ಹೂವೂ ಹಾಗೇ. ಅವತ್ತು ನಾವು ಕೂತಿದ್ದು ಮೇಲಿನ ಸಾಲಿನಲ್ಲಿ. ಕೆಳಗೆ ನೂರಾರು ಕರಿ ಚೌಕ. ಅದರ ನಡುವೆ ಒಂದು ಬಿಳಿ ಅಂಚು ಕಂಡಿತು. "ಅಗೋ ಅಲ್ಲಿ" ಅಂದರು ಯಜಮಾನರು. ನನಗೆ ಆಮೇಲೆ ಏನೂ ಸರಿಯಾಗಿ ಕಾಣಲಿಲ್ಲ, ಕಣ್ಣು ತುಂಬಿತ್ತು.

ಈ ಸಲ ಹೊಲಿಯಬೇಕು ಅನ್ನುವವರು ನನಗೊಂದು ಮಾತು ತಿಳಿಸಿ. ಒಂದು ಶನಿವಾರ ಎಲ್ಲರೂ ಸೇರೋಣ. ಹೂ ನಾನು ತರುತ್ತೇನೆ, ನೀವು ಸೂಜಿ, ಬಿಳಿ ದಾರ, ಮಕ್ಕಳ ಟೋಪಿ ತನ್ನಿ. ಊರಿಂದ ಬಂದಿರುವ ಅಜ್ಜಿಯರನ್ನೂ ಕರೆತನ್ನಿ.

– ಸಂಪಾದಕಿ